ಕಸಕ್ಕೆ ಬೆಂಕಿ ಹಚ್ಚುವುದನ್ನು ನಿಲ್ಲಿಸಿ: ಪೌರಾಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪೌರಾಯುಕ್ತರೇ,

ನಮಸ್ಕಾರ. ನಮ್ಮ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಬೆಳಗಿನ ಜಾವ ಕಸ ಸುಡುವ ವಿಷಯ ನಿಮಗೆ ಹೊಸದಲ್ಲ. ನಿಮಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತಿದ್ದವರಿಗೂ ಹೊಸದಾಗಿರಲಿಲ್ಲ. ನಾವು ಕೊಟ್ಟ ಅರ್ಜಿಗಳು ಸೀಲು ಹೊಡೆಸಿಕೊಂಡು ನಿಮ್ಮ ಕಚೇರಿಯಲ್ಲೇ ಮಲಗಿವೆ. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಕಸ ಸುಡುವುದನ್ನು ನಿಲ್ಲಿಸಿ. ಕೇಳುವುದು ಇಷ್ಟೇ.

ನಿಯಮ ನಿಮಗೆ ಗೊತ್ತೇ ಇರುತ್ತದೆ. ಬಯಲಲ್ಲಿ ಕಸ ಸುಡಬಾರದು ಅಂತ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಹೇಳಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಂಡವನ್ನೂ ಗೊತ್ತುಮಾಡಿತು. ಸಣ್ಣದಾಗಿ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000. ದಂಡ ಹಾಕಬೇಕಾದವರ ಕಡೆಯವರೇ ಕಡ್ಡಿ ಗೀರಿದರೆ ರಸೀದಿ ಯಾರ ಹೆಸರಿಗೆ ಹರಿಯುವುದು ಸಾರ್?

ಕಳೆದ ಗಾಂಧಿ ಜಯಂತಿಯ ದಿನ ಇದೇ ಸೈಟಿನ ಮುಂದೆ ಸ್ವಚ್ಛತಾ ಕಾರ್ಯಕ್ರಮ ನಡೆಯಿತು. ಶಾಮಿಯಾನ ಹಾಕಿದರು. ಹೊಸ ಪೊರಕೆ ಬಂತು. ಗಣ್ಯರು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿ ಫೋಟೊ ತೆಗೆಸಿಕೊಂಡರು. ಉಪ್ಪಿಟ್ಟು, ಕೇಸರಿಬಾತ್ ಕೂಡ ಚೆನ್ನಾಗಿತ್ತಂತೆ. ಕಾರುಗಳು ಹೋದ ಮೇಲೆ ಎಂಜಲು ತಟ್ಟೆ, ಲೋಟ, ನೀರಿನ ಬಾಟಲಿ ಎಲ್ಲ ಸೈಟಿನ ಮೂಲೆ ಸೇರಿದವು. ಅದಕ್ಕೆ ಬೆಂಕಿ ಬಿತ್ತು. ಸ್ವಚ್ಛತೆಯ ಘೋಷಣೆ ಬರೆದಿದ್ದ ಫ್ಲೆಕ್ಸೂ ಆ ಬೆಂಕಿಗೇ ಹೋಯಿತು! ಫ್ಲೆಕ್ಸ್ ಅಂದರೆ ಪಿವಿಸಿ ಅನ್ನುವ ಪ್ಲಾಸ್ಟಿಕ್. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನ್ನುವ ಘಾಟು ಅನಿಲ ಬರುತ್ತದೆ, ಡಯಾಕ್ಸಿನ್ ಅನ್ನುವ ವಿಷ ಕೂಡ ಹುಟ್ಟುತ್ತದೆ. ಆ ರಾತ್ರಿಯೆಲ್ಲ ನನ್ನ ಅಮ್ಮ ಹಾಸಿಗೆಯಲ್ಲಿ ಎದ್ದು ಕೂತು ಉಸಿರಿಗಾಗಿ ಒದ್ದಾಡಿದರು. ಅವರಿಗೆ ಮೊದಲೇ ಉಬ್ಬಸ. ಬೆಳಗ್ಗೆ ಕೇಳಲು ಹೋದರೆ ನಿಮ್ಮ ಸಿಬ್ಬಂದಿಯೊಬ್ಬರು, "ಸ್ವಲ್ಪ ಹೊಗೆ ಅಷ್ಟೇ ಅಲ್ವಾ, ಕಿಟಕಿ ಹಾಕ್ಕೊಳ್ಳಿ" ಅಂದರು.

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. "ಸ್ವಲ್ಪ ಹೊಗೆ" ಏನು ಮಾಡುತ್ತದೆ ಅಂತ ನಿಮಗೂ ಒಂದು ಪಾಠ ಮಾಡಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಶ್ವಾಸನಾಳಗಳ ಒಳಮೈಗೆ ಜೀವಕೋಶಗಳ ಹೊದಿಕೆ ಇದೆ, ಅದರ ಮೇಲೆ ತೆಳ್ಳನೆ ಲೋಳೆ. ಅಲ್ಲಿನ ಎಷ್ಟೋ ಕೋಶಗಳಿಗೆ ಸಿಲಿಯಾ ಅನ್ನುವ ಸಣ್ಣ ಸಣ್ಣ ಕೂದಲುಗಳಿವೆ. ಇವು ಸದಾ ಬಡಿಯುತ್ತಾ ಧೂಳನ್ನೂ ರೋಗಾಣುಗಳನ್ನೂ ಲೋಳೆ ಸಮೇತ ಗಂಟಲಿನ ಕಡೆಗೆ ತಳ್ಳುತ್ತವೆ. ನಮ್ಮೊಳಗಿನ ಪೌರಕಾರ್ಮಿಕರು ಅನ್ನಿ. ಕಸದ ಹೊಗೆಯ ಕಣಗಳಿಗೆ ಕಬ್ಬಿಣ, ತಾಮ್ರದಂಥ ಲೋಹಗಳೂ ಪೂರ್ತಿ ಉರಿಯದ ರಾಸಾಯನಿಕಗಳೂ ಅಂಟಿರುತ್ತವೆ. ಅವು ಲೋಳೆಯ ಮೇಲೆ ಕೂತಲ್ಲಿ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್, ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟುತ್ತವೆ. ಇವನ್ನೆಲ್ಲ ಸೇರಿಸಿ ರಿಯಾಕ್ಟಿವ್ ಆಕ್ಸಿಜನ್ ಸ್ಪೀಷೀಸ್ ಅನ್ನುತ್ತಾರೆ, ಅಂದರೆ ಪಕ್ಕದಲ್ಲಿ ಸಿಕ್ಕಿದ್ದರ ಜೊತೆ ಬೇಗ ಪ್ರತಿಕ್ರಿಯಿಸುವ ಆಮ್ಲಜನಕದ ರೂಪಗಳು. ಸ್ವಲ್ಪ ಇದ್ದರೆ ತೊಂದರೆಯಿಲ್ಲ. ನಮ್ಮ ಕೋಶಗಳೂ ಇವನ್ನು ತಯಾರಿಸುತ್ತವೆ, ಗ್ಲುಟಾಥಯೋನ್‌ನಂಥ ಪದಾರ್ಥ ಅವನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ದಿನಾ ಹೊಗೆ ಕುಡಿಸಿದರೆ ಗ್ಲುಟಾಥಯೋನ್ ಎಲ್ಲಿ ಸಾಲುತ್ತದೆ?

ಆಗ ಕೋಶದ ಪೊರೆಗೆ, ಪ್ರೋಟೀನಿಗೆ, ಡಿಎನ್‌ಎಗೆ ಪೆಟ್ಟು ಬೀಳುತ್ತದೆ. ಸಿಲಿಯಾ ಸೋಲುತ್ತವೆ. ಲೋಳೆ ಜಾಸ್ತಿಯಾಗುತ್ತದೆ. ಕೋಶಗಳ ನಡುವಿನ ಬಿಗಿ ಸಡಿಲವಾಗಿ, ತಡೆಯಬೇಕಾದ್ದು ಒಳಗೆ ನುಗ್ಗುತ್ತದೆ. ಪೆಟ್ಟು ತಿಂದ ಕೋಶಗಳು ಸಹಾಯಕ್ಕೆ ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಅವು ಬಂದು ಇದೇ ರಿಯಾಕ್ಟಿವ್ ಆಕ್ಸಿಜನ್ ಸ್ಪೀಷೀಸನ್ನು ಇನ್ನಷ್ಟು ಉಗುಳುತ್ತವೆ. ಹೊರಗೆ ಬೆಂಕಿ ಆರಿದ ಮೇಲೂ ಒಳಗೆ ಉರಿಯೂತ ಮುಂದುವರಿಯುತ್ತದೆ. ಉಬ್ಬಸ ಇರುವವರ ಶ್ವಾಸನಾಳ ಮೊದಲೇ ಕೆರಳಿರುತ್ತದೆ, ಅವರಿಗೆ ಇದು ಇಮ್ಮಡಿ ಕಷ್ಟ. ಇಷ್ಟು ಸಣ್ಣ ಕಣವನ್ನು ಯಾವ ಕಿಟಕಿ ತಡೆಯುತ್ತದೆ, ಆ ಸಿಬ್ಬಂದಿಯನ್ನೇ ಕೇಳಿ ಹೇಳಿ.

ಪೌರಕಾರ್ಮಿಕರ ಮೇಲೆ ನನಗೆ ಸಿಟ್ಟಿಲ್ಲ. ಗಾಡಿ ಬರದಿದ್ದರೆ ಅವರು ತಾನೇ ಏನು ಮಾಡಿಯಾರು? ಆ ಹೊಗೆ ಮೊದಲು ಹೋಗುವುದೂ ಅವರ ಎದೆಗೇ. ದಯವಿಟ್ಟು ಅವರಿಗೆ ನೋಟಿಸ್ ಕೊಟ್ಟು ಕೈ ತೊಳೆದುಕೊಳ್ಳಬೇಡಿ.

ಸುಡುವುದನ್ನು ನಿಲ್ಲಿಸಿ. ದಿನಾ ಗಾಡಿ ಬರುವ ಹಾಗೆ ಮಾಡಿ. ಸುಡಲು ಹೇಳಿದವರಿಗೆ ದಂಡ ಹಾಕಿ, ಅವರು ನಿಮ್ಮ ಕಚೇರಿಯವರೇ ಆಗಿದ್ದರೂ. ಈ ಪತ್ರಕ್ಕೆ "ಪರಿಶೀಲಿಸಲಾಗುವುದು" ಅನ್ನುವ ಉತ್ತರ ಬೇಡ, ಅದು ನಮ್ಮ ಮನೆಯಲ್ಲಿ ಬೇಕಾದಷ್ಟಿದೆ. ನಾಳೆ ಬೆಳಗ್ಗೆ ಗಾಡಿ ಕಳಿಸಿ.

ಇಂತಿ,
ಖಾಲಿ ಸೈಟಿನ ಪಕ್ಕದ ಮನೆಯವಳು