ಗೆಳೆಯನಿಗೊಂದು ಪತ್ರ: ಸೂಸನ್ ಹಿಲ್ಲರ್ ಬಿಟ್ಟುಬಂದ ಶಾಸ್ತ್ರ

ಪ್ರಿಯ ಗೆಳೆಯ,

ಫೋನಿನಲ್ಲಿ ಸೂಸನ್ ಹಿಲ್ಲರ್ ಹೆಸರೆತ್ತಿದಾಗ ನೀನು ‘ಯಾರು ಅವರು?’ ಎಂದೆ. ಅಷ್ಟರಲ್ಲಿ ಮಾತು ಬೇರೆಡೆಗೆ ಹೊರಳಿತು. ನಾಲ್ಕು ಮಾತಿನಲ್ಲಿ ಮುಗಿಯುವ ವಿಷಯವೂ ಅಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಹಿಲ್ಲರ್ 1940ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹುಟ್ಟಿದ ಯಹೂದಿ ಮನೆತನದವರು. ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದಿ, ಮೆಕ್ಸಿಕೊ, ಗ್ವಾಟೆಮಾಲಾ, ಬೆಲೀಜ್‌ಗಳಲ್ಲಿ ಕ್ಷೇತ್ರಕಾರ್ಯ ಮಾಡಿದವರು. ಒಮ್ಮೆ ಆಫ್ರಿಕದ ಕಲೆಯ ಕುರಿತ ಉಪನ್ಯಾಸದಲ್ಲಿ ಸ್ಲೈಡುಗಳನ್ನು ನೋಡುತ್ತ ಕುಳಿತಿದ್ದಾಗಲೇ ‘ಇನ್ನು ನಾನು ಕಲಾವಿದೆಯಾಗುತ್ತೇನೆ’ ಎಂದು ನಿರ್ಧರಿಸಿಬಿಟ್ಟರು. ಜನರ ಬದುಕನ್ನೆಲ್ಲ ಯಾವುದೋ ವಾದಕ್ಕೆ ಸಾಕ್ಷ್ಯವಾಗಿಸುವ ಶಾಸ್ತ್ರ ಅವರಿಗೆ ಸಾಕಾಗಿತ್ತು. ಅರವತ್ತರ ದಶಕದ ಕೊನೆಗೆ ಲಂಡನ್ನಿನಲ್ಲಿ ನೆಲೆಸಿದರು. 2019ರಲ್ಲಿ ತೀರಿಕೊಂಡಿದ್ದೂ ಅಲ್ಲಿಯೇ.

ಮಾನವಶಾಸ್ತ್ರ ಬಿಟ್ಟರು ಎನ್ನುತ್ತಾರಲ್ಲ, ನನಗೆ ಅದು ಅರ್ಧ ಮಾತ್ರ ನಿಜ ಎನಿಸುತ್ತದೆ. 1972ರಿಂದ 76ರವರೆಗೆ ಅವರು ಮಾಡಿದ್ದೇನು ಗೊತ್ತೆ? ಬ್ರಿಟನ್ನಿನ ಕಡಲತೀರದ ಊರುಗಳಲ್ಲಿ ಮಾರುವ, ಅಬ್ಬರದ ಅಲೆಗಳ ಚಿತ್ರವಿರುವ ಪೋಸ್ಟ್‌ಕಾರ್ಡುಗಳನ್ನು ಕಲೆಹಾಕಿದ್ದು. ಮುನ್ನೂರಕ್ಕೂ ಹೆಚ್ಚು! ಜೊತೆಗೆ ನಕಾಶೆ, ಕೋಷ್ಟಕ. ಇಡೀ ಕೃತಿಯನ್ನು ಆ ಕಾರ್ಡುಗಳಿಗೆ ಚಿತ್ರ ಬರೆದ, ಬಣ್ಣ ತುಂಬಿದ ಅನಾಮಧೇಯ ಕಲಾವಿದರಿಗೆ ಅರ್ಪಿಸಿದರು. ಸಂಗ್ರಹಿಸುವುದು, ವಿಂಗಡಿಸುವುದು, ಚೀಟಿ ಅಂಟಿಸುವುದು: ಕೈ ಕಲಿತದ್ದನ್ನು ಕೈ ಬಿಡಲಿಲ್ಲ. ಲಂಡನ್ನಿನಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಕೊನೆಯ ದಿನಗಳನ್ನು ಕಳೆದ ಮನೆ ಈಗ ವಸ್ತುಸಂಗ್ರಹಾಲಯ; ಅಲ್ಲಿಗೆಂದು ಆರಂಭಿಸಿದ ಕೃತಿಗೆ ಅವರು ಬಳಸಿದ್ದು ಉತ್ಖನನಕಾರರ ರಟ್ಟಿನ ಪೆಟ್ಟಿಗೆಗಳನ್ನು. ಒಂದು ಪೆಟ್ಟಿಗೆಯಲ್ಲಿ ಗ್ರೀಕ್ ಪುರಾಣದ ಮರೆವಿನ ನೀರೂ ನೆನಪಿನ ನೀರೂ ಪುಟ್ಟ ಸೀಸೆಗಳಲ್ಲಿ ಅಕ್ಕಪಕ್ಕ ಕೂತಿವೆ. ಹುಸಿ ಗಾಂಭೀರ್ಯದ ಇಂಥ ತುಂಟತನ ನನಗೆ ಬಹಳ ಇಷ್ಟ.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಜರ್ಮನಿಯ ಬೀದಿಗಳ ಕೆಲಸ. 2002ರಲ್ಲಿ ಬರ್ಲಿನ್‌ನಲ್ಲಿ ‘ಯಹೂದಿಗಳ ಬೀದಿ’ ಎಂಬ ಫಲಕವೊಂದು ಅವರ ಕಣ್ಣಿಗೆ ಬಿತ್ತು. ಅಂಥ ಹೆಸರಿನ ಬೀದಿ, ಓಣಿ, ಹಾದಿಗಳನ್ನು ದೇಶದುದ್ದಕ್ಕೂ ಹುಡುಕಿ ಹೊರಟರು, 303 ಸಿಕ್ಕವು. ಪ್ರತಿಯೊಂದರ ಫೋಟೊ ತೆಗೆದರು, ಚಲನಚಿತ್ರವನ್ನೂ ಮಾಡಿದರು. ನಾಜಿಗಳು ಕಿತ್ತೆಸೆದಿದ್ದ ಹೆಸರುಗಳು ಯುದ್ಧದ ನಂತರ ಮರಳಿ ಬಂದಿವೆ. ಹೆಸರಿನ ಜನ ಮಾತ್ರ ಇಲ್ಲ. ಚಿತ್ರದಲ್ಲಿ ಗೋಳಾಟವಿಲ್ಲ, ವಿವರಣೆಯಿಲ್ಲ. ಕಾರುಗಳು ಸಾಗುತ್ತವೆ, ಜನ ತಮ್ಮ ಪಾಡಿಗೆ ನಡೆದುಹೋಗುತ್ತಾರೆ. ಯಹೂದಿ ಮಗಳೊಬ್ಬಳು ಅಲ್ಲಿ ಕ್ಯಾಮೆರಾ ಹಿಡಿದು ನಿಂತು ಇಷ್ಟು ಸಂಯಮದಿಂದಿರಬೇಕಾದರೆ, ಅದರ ಹಿಂದೆ ಕ್ಷೇತ್ರಕಾರ್ಯದ ಶಿಸ್ತು ಇಲ್ಲವೆಂದು ನಾನಂತೂ ನಂಬಲಾರೆ.

2007ರ ಇನ್ನೊಂದು ಕೃತಿಯಲ್ಲಿ ಪರದೆಯೆಲ್ಲ ಕಪ್ಪು, ಕೆಳಗೆ ಅನುವಾದದ ಸಾಲುಗಳು ಮಾತ್ರ. ಅಳಿದುಹೋದ, ಅಳಿಯುತ್ತಿರುವ ಭಾಷೆಗಳ ದನಿಗಳನ್ನು ಕೇಳಿಸುತ್ತಾರೆ; ಸ್ಪೇನಿನ ಲಾ ಗೊಮೆರಾ ದ್ವೀಪದವರು ಶಿಳ್ಳೆಯಲ್ಲೇ ಆಡುವ ಮಾತೂ ಇದೆ. ಆ ದನಿಗಳೆಲ್ಲ ಬಂದದ್ದು ಹಳೆಯ ಧ್ವನಿಸಂಗ್ರಹಗಳಿಂದ. ಅಂದರೆ ಮನುಷ್ಯರನ್ನು ಸಾಕ್ಷ್ಯವಾಗಿಸುತ್ತೀರಿ ಎಂದು ಅವರು ದೂರಿದ್ದರಲ್ಲ, ಅದೇ ವಿದ್ವಾಂಸರ ಕಪಾಟುಗಳಿಂದ! ಹಿಲ್ಲರ್‌ಗೆ ಈ ವಿಪರ್ಯಾಸ ತಿಳಿದೇ ಇದ್ದಿರಬೇಕು.

ನೀನು ಪಿಎಚ್‌.ಡಿ. ಬಿಡುವ ಮಾತಾಡುತ್ತಿದ್ದೀಯ. ಬಿಡುವುದಾದರೆ ಬಿಡು, ನಾನು ತಡೆಯುವುದಿಲ್ಲ. ಆದರೆ ಧ್ವನಿಮುದ್ರಿಸಿಕೊಂಡದ್ದನ್ನೆಲ್ಲ ಅಳಿಸಿಹಾಕಬೇಡ. ನಿನ್ನ ಹಾರ್ಡ್ ಡಿಸ್ಕ್ ಹಳೆಯದು, ಇನ್ನೊಂದು ಪ್ರತಿ ಮಾಡಿ ನನಗೆ ಕಳಿಸು. ಅಂಚೆ ಖರ್ಚು ನನ್ನದು.

ಇಂತಿ ನಿನ್ನ ಗೆಳೆಯ