ಒಂದೇ ಮನೆಯವರೆಂಬ ಕಾರಣಕ್ಕೆ ಆಟಗಾರನನ್ನು ಕೈಬಿಡಬೇಡಿ

ಮಾನ್ಯ ಸಂಪಾದಕರೆ,

ಮಲೆನಾಡಿನ ನಮ್ಮ ಕಡೆ ಶಾಲಾ ಫುಟ್‌ಬಾಲ್ ತಂಡಗಳನ್ನು ಆರಿಸುವಾಗ ಅಣ್ಣ ತಮ್ಮ ಇಬ್ಬರೂ ಚೆನ್ನಾಗಿ ಆಡಿದರೂ, ‘ಮನೆಗೊಬ್ಬ ಸಾಕು, ಬೇರೆಯವರಿಗೂ ಅವಕಾಶ ಸಿಗಲಿ’ ಎಂದು ಒಬ್ಬನನ್ನು ಬಿಟ್ಟುಬಿಡುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಈ ಮಳೆಗಾಲದ ಆಯ್ಕೆಯಲ್ಲೂ ಹಾಗೆಯೇ ಆಯಿತು. ಕೆಮ್ಮಣ್ಣಿನ ಮೈದಾನದಲ್ಲಿ ಅಲ್ಲಲ್ಲಿ ನೀರು ನಿಂತು, ನೆಲದ ಮೇಲೆ ಒದ್ದ ಚೆಂಡು ನಾಲ್ಕು ಮಾರು ಹೋಗುವಷ್ಟರಲ್ಲಿ ನಿಲ್ಲುತ್ತಿತ್ತು. ಡಿಫೆನ್ಸ್‌ನಲ್ಲಿದ್ದ ಅಣ್ಣ ತಲೆ ಎತ್ತಿಯೂ ನೋಡದೆ ಚೆಂಡನ್ನು ನೀರಿನ ಮೇಲಿಂದ ಎಡಮೂಲೆಗೆ ಎತ್ತಿ ಹಾಕುತ್ತಿದ್ದ. ಅದು ಕೆಳಗಿಳಿಯುವ ಮೊದಲೇ ತಮ್ಮ ಅಲ್ಲಿಗೆ ಓಡಿರುತ್ತಿದ್ದ. ಸಂಜೆ ಓದಿದ ಪಟ್ಟಿಯಲ್ಲಿ ಅಣ್ಣನ ಹೆಸರಿತ್ತು, ತಮ್ಮನದಿರಲಿಲ್ಲ. ಕಾರಣ ಕೇಳಿದರೆ ಅದೇ ಹಳೆಯ ಉತ್ತರ.

ಸಣ್ಣ ಊರುಗಳಲ್ಲಿ ಸ್ವಜನಪಕ್ಷಪಾತದ ಆರೋಪ ಬೇಗ ಹುಟ್ಟುತ್ತದೆ, ಆಯ್ಕೆದಾರರು ಅದಕ್ಕೆ ಅಂಜುತ್ತಾರೆ ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ಇದೇ ಅಳುಕು 1966ರಲ್ಲಿ ಇಂಗ್ಲೆಂಡ್ ತಂಡದ ಮ್ಯಾನೇಜರ್ ಆಲ್ಫ್ ರಾಮ್ಸೆ ಅವರಿಗೆ ಇದ್ದಿದ್ದರೆ ವಿಶ್ವಕಪ್ ಫೈನಲ್‌ನಲ್ಲಿ ಬಾಬಿ ಚಾರ್ಲ್ಟನ್ ಜೊತೆ ಅವರ ಅಣ್ಣ ಜಾಕ್ ಇರುತ್ತಿರಲಿಲ್ಲ. ಕಲ್ಲಿದ್ದಲ ಗಣಿಯ ಊರಾದ ಆಶಿಂಗ್ಟನ್‌ನ ಈ ಸೋದರರಲ್ಲಿ ತಮ್ಮ ಬಾಬಿ 1958ರಿಂದಲೇ ರಾಷ್ಟ್ರೀಯ ತಂಡದಲ್ಲಿದ್ದರು. ಲೀಡ್ಸ್ ಪರ ಆಡುತ್ತಿದ್ದ ಜಾಕ್‌ಗೆ ಕರೆ ಬಂದದ್ದು 1965ರಲ್ಲಿ, ಮೂವತ್ತರ ಹೊಸ್ತಿಲಲ್ಲಿ. ತಮ್ಮನ ಹೆಸರಿನ ಬಲದಿಂದ ಬರುವವರಾಗಿದ್ದರೆ ಅವರು ಏಳು ವರ್ಷ ಕಾಯಬೇಕಿರಲಿಲ್ಲ. ಪೋರ್ಚುಗಲ್ ವಿರುದ್ಧದ ಸೆಮಿಫೈನಲ್‌ನಲ್ಲಿ ಬಾಬಿ ಎರಡೂ ಗೋಲು ಹೊಡೆದರು, ಜಾಕ್ ಚೆಂಡಿಗೆ ಕೈ ಹಚ್ಚಿದ್ದರಿಂದ ಎದುರಾಳಿಗೆ ಪೆನಾಲ್ಟಿ ಸಿಕ್ಕಿ ಗೋಲಾಯಿತು. ಆದರೂ ಫೈನಲ್‌ನಲ್ಲಿ ಜಾಕ್ ಅವರ ಸ್ಥಾನ ಅಲುಗಲಿಲ್ಲ; ಪಶ್ಚಿಮ ಜರ್ಮನಿಯನ್ನು 4–2ರಿಂದ ಸೋಲಿಸಿದ ಹನ್ನೊಂದು ಮಂದಿಯಲ್ಲಿ ಇಬ್ಬರೂ ಇದ್ದರು.

ಆ ಜರ್ಮನಿಯೇ 1954ರಲ್ಲಿ ಬರ್ನ್‌ನಲ್ಲಿ ಹಂಗೆರಿಯನ್ನು ಮಣಿಸಿ ಕಪ್ ಗೆದ್ದಾಗ ನಾಯಕ ಫ್ರಿಟ್ಸ್ ವಾಲ್ಟರ್, ಮುನ್ಪಡೆಯಲ್ಲಿ ಅವರ ತಮ್ಮ ಓಟ್‌ಮಾರ್. ಸೆಮಿಫೈನಲ್‌ನಲ್ಲಿ ಆಸ್ಟ್ರಿಯಾಕ್ಕೆ ಹೊಡೆದ ಆರು ಗೋಲುಗಳಲ್ಲಿ ನಾಲ್ಕು ಈ ಸೋದರರವು. ಇತ್ತೀಚಿನ ಉದಾಹರಣೆ ಬೇಕೆಂದರೆ, 2015ರಲ್ಲಿ ಐವರಿ ಕೋಸ್ಟ್‌ಗೆ ಆಫ್ರಿಕಾ ಕಪ್ ತಂದ ತಂಡದಲ್ಲಿ ಕೋಲೋ ಮತ್ತು ಯಾಯಾ ಟೂರೆ ಇಬ್ಬರೂ ಇದ್ದರು.

ಫುಟ್‌ಬಾಲ್ ಬಿಟ್ಟು ನಮ್ಮ ದೇಶದ ಹಾಕಿಯನ್ನೇ ನೋಡಿದರೂ ಆಯಿತು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಭಾರತ ಅಮೆರಿಕವನ್ನು 24–1ರಿಂದ ಸೋಲಿಸಿದಾಗ ರೂಪ್ ಸಿಂಗ್ ಹತ್ತು, ಅವರ ಅಣ್ಣ ಧ್ಯಾನ್ ಚಂದ್ ಎಂಟು ಗೋಲು ಹೊಡೆದರು. ಮನೆಗೊಬ್ಬ ಎಂದು ಅಂದು ಯಾರಾದರೂ ಪಟ್ಟು ಹಿಡಿದಿದ್ದರೆ ಅವರಲ್ಲಿ ಯಾರನ್ನು ಬಿಡಬೇಕಿತ್ತು? ಕೊಡಗಿನಲ್ಲಂತೂ 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕುಟುಂಬ ಹಾಕಿಯಲ್ಲಿ ಮನೆತನವೇ ತಂಡ.

ಒಟ್ಟಿಗೆ ಬೆಳೆದವರೆಲ್ಲ ಒಟ್ಟಿಗೆ ಚೆನ್ನಾಗಿ ಆಡುತ್ತಾರೆಂದು ನಾನು ಹೇಳುತ್ತಿಲ್ಲ. ತಮ್ಮ ಸಾಧಾರಣ ಆಟಗಾರನಾದರೆ ಬಿಡಲಿ, ಅದು ನ್ಯಾಯವೇ. ಆದರೆ ಅಂಗಳದಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ ವರ್ಷಗಟ್ಟಲೆ ಒಬ್ಬರಿಗೊಬ್ಬರು ಪಾಸ್ ಕೊಟ್ಟು ಬೆಳೆದ ಇಬ್ಬರ ನಡುವಿನ ಹೊಂದಾಣಿಕೆಯನ್ನು ಹತ್ತು ದಿನದ ಶಿಬಿರದಲ್ಲಿ ಯಾವ ತರಬೇತುದಾರನೂ ತಯಾರಿಸಲಾರ. ತಾನಾಗಿ ಸಿಕ್ಕಿದ್ದನ್ನು ನಾವೇ ಒಡೆದು ಹಾಕುತ್ತಿದ್ದೇವೆ. ಬಿಟ್ಟುಹೋದ ಹುಡುಗ ಮರುವರ್ಷ ಮೈದಾನಕ್ಕೆ ಬರುವುದೇ ಅಪರೂಪ. ಮನೆಯಲ್ಲಿ ತೋಟದ ಕೆಲಸ ಕಾದಿರುತ್ತದೆ.

ಪ್ರತಿಯೊಬ್ಬ ಆಟಗಾರನಿಗೂ ಓಟ, ಪಾಸ್, ಚೆಂಡಿನ ಹಿಡಿತ, ಜಾಗ ಹಿಡಿಯುವ ಜಾಣ್ಮೆ ಇವುಗಳಿಗೆ ಅಂಕ ಕೊಟ್ಟು, ಆ ಪಟ್ಟಿಯನ್ನು ಅದೇ ಸಂಜೆ ಮೈದಾನದ ಫಲಕಕ್ಕೆ ಅಂಟಿಸಿದರೆ ಪಕ್ಷಪಾತದ ಮಾತಿಗೆ ಆಸ್ಪದವಿರುವುದಿಲ್ಲ. ಜಿಲ್ಲಾ ಮಟ್ಟದ ಆಯ್ಕೆಗೆ ಇನ್ನೂ ಸಮಯವಿರುವುದರಿಂದ, ಸಂಬಂಧಪಟ್ಟವರು ಕೈಬಿಟ್ಟ ಹುಡುಗರನ್ನು ಇನ್ನೊಮ್ಮೆ ಕರೆಸಿ ಆಡಿಸಿ ನೋಡಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ತೀರ್ಥಹಳ್ಳಿ