ನನ್ನ ಹಸಿ ಪಾಠಗಳನ್ನು ಕೇಳಿಸಿಕೊಂಡವರಿಗೆ

ಕಳೆದ ವಾರ ಫಲಿತಾಂಶ ಬಂತು. ಶಿಕ್ಷಣ ಪದವಿಯಲ್ಲಿ ತೇರ್ಗಡೆಯಾಗಿದ್ದೇನೆ. ಎರಡು ವರ್ಷದಲ್ಲಿ ಮುಗಿಯಬೇಕಿದ್ದ ಓದು ಮೂರು ವರ್ಷ ಹಿಡಿಯಿತು. ನಡುವೆ ಗಂಟಲು ಕೈಕೊಟ್ಟು ಒಂದು ವರ್ಷ ಹೋಯಿತು. ಶುಭ ಹಾರೈಸಿದವರಿಗೆಲ್ಲ ಪ್ರತ್ಯೇಕವಾಗಿ ಉತ್ತರ ಬರೆದಿದ್ದೇನೆ. ಆದರೆ ನಾನು ಯಾರಿಗೆ ಎಲ್ಲರಿಗಿಂತ ಹೆಚ್ಚು ಋಣಿಯೋ ಅವರಿಗೆ ನನ್ನ ಫಲಿತಾಂಶದ ಸುದ್ದಿಯೇ ಗೊತ್ತಿರಲಾರದು. ಅವರು ಆರನೆಯ ತರಗತಿಯ ಮಕ್ಕಳು. ಕಲಿಸುವುದನ್ನು ನಾನು ಕಲಿತದ್ದು ಅವರ ಮುಂದೆ ನಿಂತು, ಅವರ ಪೀರಿಯಡ್‌ಗಳನ್ನು ತೆಗೆದುಕೊಂಡು. ನನ್ನ ಹಸಿ ಪಾಠಗಳನ್ನು ಅವರು ಸಹಿಸಿಕೊಂಡರು. ಮೊದಲ ವಂದನೆ ಅವರಿಗೆ.

ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದು ಏಳು ವರ್ಷ ಬೇರೆ ಕೆಲಸ ಮಾಡಿದ ಮೇಲೆ ವಿಶ್ವವಿದ್ಯಾಲಯದ ಶಿಕ್ಷಣ ನಿಕಾಯಕ್ಕೆ ಸೇರಿದವಳು ನಾನು. ಸೇರುವಾಗ ಮನಸ್ಸಿನಲ್ಲಿದ್ದದ್ದು ಒಂದೇ ಮಾತು: ವಿಷಯ ಗೊತ್ತಿದ್ದರೆ ಸಾಲದೇ, ಕಲಿಸುವುದನ್ನೂ ಕಲಿಯಬೇಕೇ? ಈ ಪ್ರಶ್ನೆ ಬಹಳ ಹಳೆಯದು ಎಂದು ಆಮೇಲೆ ತಿಳಿಯಿತು. ಜರ್ಮನಿಯ ಹಾಲೆ ವಿಶ್ವವಿದ್ಯಾಲಯದಲ್ಲಿ 1779ರಲ್ಲಿ ಎರ್ನ್ಸ್ಟ್ ಕ್ರಿಶ್ಚಿಯನ್ ಟ್ರಾಪ್ ಅವರು ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕರಾದರು. ಸ್ಕಾಟ್ಲೆಂಡಿನ ಎಡಿನ್‌ಬರೋ ಮತ್ತು ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯಕ್ಕೊಂದು ಪೀಠ ಏರ್ಪಡಲು 1876ರವರೆಗೆ ಕಾಯಬೇಕಾಯಿತು. ಇಪ್ಪತ್ತು ವರ್ಷಗಳ ನಂತರ, 1896ರಲ್ಲಿ, ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಶಾಲೆಯೊಂದನ್ನೇ ತೆರೆದರು. ಭೌತಶಾಸ್ತ್ರಕ್ಕೆ ಪ್ರಯೋಗಾಲಯ ಬೇಕಾದಂತೆ ಶಿಕ್ಷಣಶಾಸ್ತ್ರಕ್ಕೂ ಬೇಕು ಎಂಬುದು ಅವರ ನಿಲುವು. ಪಠ್ಯದಲ್ಲಿ ಇದನ್ನು ಓದಿದಾಗ ನನಗೆ ಪರೀಕ್ಷೆಗೆ ಬೇಕಾದ ಇಸವಿಗಳಾಗಿ ಕಂಡವೇ ಹೊರತು ಬೇರೇನೂ ಅಲ್ಲ.

ನನ್ನ ಗರ್ವಕ್ಕೆ ಮೊದಲ ಪೆಟ್ಟು ಕೊಟ್ಟದ್ದು ಡ್ಯಾನ್ ಲಾರ್ಟಿ ಎಂಬ ಸಮಾಜಶಾಸ್ತ್ರಜ್ಞ. ಒಬ್ಬ ವಿದ್ಯಾರ್ಥಿ ಪ್ರೌಢಶಿಕ್ಷಣ ಮುಗಿಸುವ ಹೊತ್ತಿಗೆ ಸುಮಾರು 13,000 ಗಂಟೆ ಶಿಕ್ಷಕರ ಒಡನಾಟದಲ್ಲಿ ಕಳೆದಿರುತ್ತಾನೆ ಎಂದು ಅವರು 1975ರಲ್ಲಿ ಲೆಕ್ಕ ಹಾಕಿದ್ದರು. ಹಾಗಾಗಿಯೇ ಪ್ರತಿಯೊಬ್ಬರಿಗೂ ಈ ಕೆಲಸ ಗೊತ್ತೆಂಬ ಭಾವನೆ. ಆದರೆ ಬೆಂಚಿನ ಮೇಲೆ ಕುಳಿತವನಿಗೆ ಕಾಣುವುದು ಶಿಕ್ಷಕರು ಮಾಡಿದ್ದು ಮಾತ್ರ. ಹಾಗೇಕೆ ಮಾಡಿದರು, ಏನನ್ನು ಬೇಡವೆಂದು ಬಿಟ್ಟರು ಎಂಬುದು ಕಾಣುವುದಿಲ್ಲ. ನಾನು ಮೊದಲ ದಿನದ ಪಾಠವನ್ನು ನನ್ನ ಹಳೆಯ ಗಣಿತದ ಮೇಷ್ಟರ ಧಾಟಿಯಲ್ಲೇ, ಅವರ ಮಾತಿನ ವರಸೆಗಳ ಸಮೇತ ಮಾಡಿದ್ದೆ. ಅದು ನನಗೇ ಗೊತ್ತಿರಲಿಲ್ಲ. ಪಾಠದ ಧ್ವನಿಮುದ್ರಣ ಕೇಳುವಾಗ ಗೊತ್ತಾಯಿತು.

ಧ್ವನಿಮುದ್ರಣದ ಮಾತು ಬಂದದ್ದರಿಂದ ಗಂಟಲಿನ ಕಥೆ ಹೇಳಲೇಬೇಕು. ಅಭ್ಯಾಸ ಬೋಧನೆಗೆ ಹೋದ ಮೂರನೆಯ ವಾರಕ್ಕೇ ದನಿ ಒಡೆಯಿತು. ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ ಎಂದರು ವೈದ್ಯರು. ದನಿಯನ್ನು ಮಿತಿಮೀರಿ, ತಪ್ಪು ರೀತಿಯಲ್ಲಿ ಬಳಸುವವರಿಗೆ ಬರುವ ತೊಂದರೆ ಇದು; ಶಿಕ್ಷಕರಲ್ಲಿ, ಹಾಡುಗಾರರಲ್ಲಿ ಹೆಚ್ಚು. ವಿಶ್ರಾಂತಿ ಬೇಕು, ಆಮೇಲೆ ದನಿಯ ಚಿಕಿತ್ಸೆ ಬೇಕು. ನನಗೆ ಆಗ ಲೋಕವೇ ಮುಗಿದಂತಾಯಿತು. ಇದ್ದ ಕೆಲಸ ಬಿಟ್ಟು ಬಂದಿದ್ದೆ, ಉಳಿತಾಯ ಕರಗುತ್ತಿತ್ತು, ಬೋಧನೆಯ ಅವಧಿಗಳು ಪೂರ್ತಿಯಾಗದೆ ಮುಂದಿನ ವರ್ಷಕ್ಕೆ ಹೋಗುವಂತಿರಲಿಲ್ಲ. ಕೋರ್ಸು ಬಿಡುತ್ತೇನೆಂದು ಪತ್ರ ಬರೆದು ನನ್ನ ಮಾರ್ಗದರ್ಶಕಿಯ ಮೇಜಿನ ಮೇಲಿಟ್ಟೆ.

ಅವರು ಓದಿದರು. ಮಡಚಿ ಡ್ರಾಯರಿನಲ್ಲಿ ಹಾಕಿದರು. “ಮಾತಾಡಬೇಡಿ ಎಂದಿದ್ದಾರೆ, ಸರಿ. ಕೇಳಿಸಿಕೊಳ್ಳಬೇಡಿ ಎಂದು ಹೇಳಿಲ್ಲವಲ್ಲ” ಎಂದರು. ಕಪಾಟಿನಿಂದ ಒಂದು ಸ್ಟಾಪ್‌ವಾಚ್ ತೆಗೆದು ಕೊಟ್ಟು, ನನ್ನದೇ ಪಾಠಗಳ ಧ್ವನಿಮುದ್ರಣವನ್ನು ಕೇಳಿ ಅಕ್ಷರಶಃ ಬರೆದುಕೊಂಡು ಬರಲು ಹೇಳಿದರು. ಪ್ರತಿ ಪ್ರಶ್ನೆಯ ನಂತರ ನಾನು ಎಷ್ಟು ಹೊತ್ತು ಸುಮ್ಮನಿದ್ದೆ ಎಂಬುದನ್ನೂ ಬರೆಯಬೇಕಿತ್ತು.

ನಲವತ್ತು ನಿಮಿಷದ ಒಂದು ಪಾಠವನ್ನು ಬರೆದಿಳಿಸಲು ಎರಡು ದಿನ ಬೇಕಾಯಿತು. ಆ ಪಾಠದಲ್ಲಿ ನಾನು ಕೇಳಿದ ಪ್ರಶ್ನೆಗಳು ನಲವತ್ತಮೂರು. ಅವುಗಳಲ್ಲಿ ಇಪ್ಪತ್ತೊಂಬತ್ತಕ್ಕೆ ಉತ್ತರ ಹೇಳಿದ್ದೂ ನಾನೇ. ಹೆಚ್ಚಿನ ಕಡೆ ಸ್ಟಾಪ್‌ವಾಚ್ ಒತ್ತಿ ನಿಲ್ಲಿಸುವುದರೊಳಗೆ ನನ್ನ ದನಿ ಮತ್ತೆ ಶುರುವಾಗಿರುತ್ತಿತ್ತು. ಒಂದು ಕಡೆ ಹುಡುಗನೊಬ್ಬ “ಯಾಕೆಂದರೆ...” ಎಂದು ಆರಂಭಿಸಿದ್ದಾನೆ, ಆ ಮಾತಿನ ಮೇಲೆಯೇ ನನ್ನ ವಿವರಣೆ ಹರಿದಿದೆ. ಅವನು ಏನು ಹೇಳಲಿದ್ದ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಸಾಲನ್ನು ಬರೆದಾಗ ಅತ್ತಿದ್ದೆ.

ಮುಂದಿನ ಭೇಟಿಯಲ್ಲಿ ಮಾರ್ಗದರ್ಶಕಿ ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆಯ ಪ್ರಬಂಧಗಳನ್ನು ಓದಲು ಕೊಟ್ಟರು. 1970ರ ದಶಕದಲ್ಲಿ ಆಕೆ ಇದೇ ಕೆಲಸವನ್ನು ನೂರಾರು ಧ್ವನಿಮುದ್ರಣಗಳ ಮೇಲೆ ಮಾಡಿದ್ದರು. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ತಾವಾಗಿ ಬಾಯಿಬಿಡುವವರು ಹೆಚ್ಚುತ್ತಾರೆ, ಮಕ್ಕಳು ತಾವೇ ಪ್ರಶ್ನೆ ಕೇಳತೊಡಗುತ್ತಾರೆ. ಒಂದು ವಿಶ್ವವಿದ್ಯಾಲಯದಲ್ಲಿ ಶಿಕ್ಷಣಕ್ಕೆಂದೇ ಒಂದು ನಿಕಾಯ ಏಕಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಸೆಕೆಂಡುಗಳನ್ನು ತೋರಿಸುತ್ತೇನೆ. ಯಾರೋ ಕುಳಿತು ತಾಳ್ಮೆಯಿಂದ ಅಳೆಯದಿದ್ದರೆ ಅದು ಯಾವ ಅನುಭವಿ ಶಿಕ್ಷಕರ ಕಿವಿಗೂ ಬೀಳುತ್ತಿರಲಿಲ್ಲ.

ದನಿ ಮರಳಿದ ಮೇಲೆ, ಮರುವರ್ಷ, ಅದೇ ಶಾಲೆಗೆ ಹೋದೆ. ಈಗ ಆರನೆಯ ತರಗತಿಯಲ್ಲಿ ಹೊಸ ಮಕ್ಕಳು. ತರಗತಿಯ ಶಿಕ್ಷಕಿ ಮಾತ್ರ ಅವರೇ. ಕೊನೆಯ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ಕುಳಿತಿದ್ದರು. ಭಿನ್ನರಾಶಿಯ ಸಂಕಲನ ನಡೆಯುತ್ತಿತ್ತು. ಕಿಟಕಿಯ ಬದಿಯ ಹುಡುಗಿ ಕರಿಹಲಗೆಗೆ ಬಂದು 1/3 + 1/4 = 2/7 ಎಂದು ಬರೆದಳು. ಹಿಂದಿನ ವರ್ಷದ ನಾನಾಗಿದ್ದರೆ ತಕ್ಷಣ ಅಳಿಸಿ ಸರಿಯಾದ ವಿಧಾನ ಬರೆಯುತ್ತಿದ್ದೆ. ಈ ಸಲ ಸೀಮೆಸುಣ್ಣ ಕೆಳಗಿಟ್ಟು “ಹೇಗೆ ಬಂತು?” ಎಂದು ಕೇಳಿ ಸುಮ್ಮನೆ ನಿಂತೆ.

ಅವಳು ಹೇಳಿದ್ದು ಇದು: “ಮೊದಲು ಮೂರು ಸಲ ಚೆಂಡು ಎಸೆದೆ, ಒಂದು ಸಲ ಬುಟ್ಟಿಗೆ ಬಿತ್ತು. ಆಮೇಲೆ ನಾಲ್ಕು ಸಲ ಎಸೆದೆ, ಒಂದು ಸಲ ಬಿತ್ತು. ಒಟ್ಟು ಏಳರಲ್ಲಿ ಎರಡು ಅಲ್ಲವೇ?”

ಚೆಂಡಿನ ಲೆಕ್ಕವಾಗಿ ಅದು ಸರಿಯಾಗಿಯೇ ಇದೆ. ಸ್ನಾತಕೋತ್ತರ ಗಣಿತ ಓದಿದ ನನಗೆ ಆ ತಪ್ಪಿನೊಳಗೆ ಇಷ್ಟು ಚೊಕ್ಕವಾದ ಯೋಚನೆ ಇದೆಯೆಂದು ಯಾವತ್ತೂ ಹೊಳೆದಿರಲಿಲ್ಲ. ಸಮನಾದ ಮೂರು ಪಟ್ಟಿಗಳನ್ನು ಒಂದರ ಕೆಳಗೊಂದು ಬರೆದೆ. ಒಂದನ್ನು ಮೂರು ಭಾಗ ಮಾಡಿ ಒಂದನ್ನು ತುಂಬಿಸಿದೆ, ಇನ್ನೊಂದನ್ನು ನಾಲ್ಕು ಭಾಗ ಮಾಡಿ ಒಂದನ್ನು, ಮೂರನೆಯದನ್ನು ಏಳು ಭಾಗ ಮಾಡಿ ಎರಡನ್ನು. ನೋಡಲು ಹೇಳಿ ಮತ್ತೆ ಸುಮ್ಮನಾದೆ. ಧ್ವನಿಮುದ್ರಣದಲ್ಲಿ ಆ ಮೌನ ಒಂಬತ್ತು ಸೆಕೆಂಡು ಇದೆ. ಆಮೇಲೆ ಅವಳ ದನಿ: “ಕೂಡಿಸಿದ್ದೇನೆ, ಆದರೂ ಮೊದಲಿದ್ದದ್ದಕ್ಕಿಂತ ಕಡಿಮೆಯಾಗಿದೆ!” ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಕೇಳಿದ, “ಹಾಗಾದರೆ ಅವಳ ಚೆಂಡಿನ ಲೆಕ್ಕ ತಪ್ಪೇ?”

ನನಗೆ ಆ ಗಳಿಗೆಯಲ್ಲಿ ಉತ್ತರ ಹೊಳೆಯಲಿಲ್ಲ. ಗಂಟೆ ಹೊಡೆಯಿತು. ಶಿಕ್ಷಕಿ ಎದ್ದು ಬಂದು, ತಮ್ಮದೇ ಮುಂದಿನ ಪೀರಿಯಡ್ ಅನ್ನು ನನಗೆ ಬಿಟ್ಟುಕೊಟ್ಟು, “ಇದನ್ನು ಇಲ್ಲಿಗೆ ಬಿಡಬಾರದು” ಎಂದರು. ಆ ಇಡೀ ಅವಧಿ ನಾವು ‘ಇಡೀ’ ಎಂಬುದರ ಬಗ್ಗೆಯೇ ಮಾತಾಡಿದೆವು. ಪಟ್ಟಿಯಲ್ಲಿ ಎರಡೂ ಭಾಗಗಳು ಒಂದೇ ಇಡಿಯವು. ಚೆಂಡಿನ ಆಟದಲ್ಲಿ ಒಂದು ಇಡೀ ಮೂರು ಎಸೆತದ್ದು, ಇನ್ನೊಂದು ನಾಲ್ಕರದ್ದು. ಇದನ್ನು ಕಂಡುಹಿಡಿದದ್ದು ಮಕ್ಕಳು, ನಾನಲ್ಲ. ವಿಷಯಜ್ಞಾನ ಬೇರೆ, ಆ ವಿಷಯವನ್ನು ಕಲಿಸಲು ಬೇಕಾದ ಜ್ಞಾನ ಬೇರೆ ಎಂದು ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಲೀ ಶುಲ್ಮನ್ 1986ರಲ್ಲಿ ವಾದಿಸಿದ್ದನ್ನು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದಿದ್ದೆ. ಅರ್ಥವಾದದ್ದು ಅಂದು.

ಆ ಶಿಕ್ಷಕಿಗೆ ಹೇಗೆ ಧನ್ಯವಾದ ಹೇಳಲಿ? ಪಾಠಗಳನ್ನು ಮುಗಿಸಬೇಕಾದ ಒತ್ತಡ ಅವರಿಗಿತ್ತು. ನಾನು ಕೆಡಿಸಿದ್ದನ್ನು ಎಷ್ಟೋ ಸಲ ಮರುದಿನ ಅವರೇ ಸರಿಪಡಿಸಬೇಕಾಗಿ ಬಂತು. ಒಮ್ಮೆಯೂ ಮಕ್ಕಳೆದುರು ನನ್ನನ್ನು ತಿದ್ದಲಿಲ್ಲ. ನನ್ನ ಪದವಿಪತ್ರದಲ್ಲಿ ಕುಲಪತಿಗಳ ಸಹಿ ಇರುತ್ತದೆ. ಈ ಶಿಕ್ಷಕಿಯ ಸಹಿಯೂ ಇರಬೇಕಿತ್ತು. ಶಿಕ್ಷಣ ನಿಕಾಯಗಳು ಶಾಲೆಗಳನ್ನು ತಮ್ಮ ವಿದ್ಯಾರ್ಥಿಗಳ ಅವಧಿ ತುಂಬಿಸುವ ಜಾಗವೆಂದು ಎಣಿಸಿದರೆ ಅದು ಅನ್ಯಾಯ ಎಂದು ನಾನು ಬಲವಾಗಿ ನಂಬುತ್ತೇನೆ. ನಮ್ಮ ನಿಕಾಯದವರು ಹಾಗೆ ಮಾಡಲಿಲ್ಲ. ಪ್ರತಿ ತಿಂಗಳು ಶಾಲೆಯ ಸಿಬ್ಬಂದಿ ಕೊಠಡಿಗೆ ಬಂದು ಕುಳಿತರು, ನಾವು ಬರೆದುಕೊಂಡದ್ದನ್ನು ಸರಳ ಮಾತಿನಲ್ಲಿ ಶಿಕ್ಷಕರ ಮುಂದಿಟ್ಟರು, ಅವರ ಆಕ್ಷೇಪಗಳನ್ನು ಕೇಳಿಸಿಕೊಂಡು ಹೋದರು.

ಇನ್ನು ಕೆಲವರು. ಅವಧಿ ವಿಸ್ತರಣೆಗೆ ಅವಕಾಶವಿದೆಯೆಂದು ನಿಯಮಾವಳಿಯ ಪುಟ ತೆರೆದು ತೋರಿಸಿದ ಕಚೇರಿಯ ಗುಮಾಸ್ತರು. ಅವರು ಆ ಪುಟ ಹುಡುಕದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಕಿರುಚದೆ ಕೊಠಡಿಯ ತುದಿಗೆ ದನಿ ಮುಟ್ಟಿಸುವುದನ್ನು ಕಲಿಸಿದ ಚಿಕಿತ್ಸಕಿ. ಓದಲು ಬೇಕಾದದ್ದನ್ನು ಕೇಳುವ ಮುನ್ನವೇ ತೆಗೆದಿಟ್ಟ ಗ್ರಂಥಪಾಲಕರು. ಸೂಕ್ಷ್ಮ ಬೋಧನೆಯ ಐದೈದು ನಿಮಿಷಗಳಲ್ಲಿ ಮಕ್ಕಳಾಗಿ ಕುಳಿತು ಮುಲಾಜಿಲ್ಲದೆ “ಅರ್ಥವಾಗಲಿಲ್ಲ” ಎಂದ ಸಹಪಾಠಿಗಳು. ಕಲಿಸು, ಟೀಕೆ ಕೇಳು, ಮತ್ತೆ ಕಲಿಸು ಎಂಬ ಈ ಪದ್ಧತಿ 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದಂತೆ. ನನ್ನ ಪಾಲಿಗೆ ಅದು ಆ ಎಂಟು ಮಂದಿ ಗೆಳೆಯರ ಮುಖಗಳು. ಮತ್ತು ನಾನು ಮಾತಾಡಲಾಗದ ತಿಂಗಳುಗಳಲ್ಲಿ ಚೀಟಿಗಳಲ್ಲೇ ನನ್ನೊಡನೆ ಸಂಸಾರ ಮಾಡಿದ ಮನೆಯವರು.

ಮಾರ್ಗದರ್ಶಕಿಯವರನ್ನು ಮೊನ್ನೆ ಕಂಡು ನಮಸ್ಕರಿಸಿ ಬಂದೆ. ಮೂರು ವರ್ಷದ ಹಿಂದಿನ ನನ್ನ ಪತ್ರವನ್ನು ಡ್ರಾಯರಿನಿಂದ ತೆಗೆದು ಕೈಗಿತ್ತರು. ನಾನು ಸ್ಟಾಪ್‌ವಾಚ್ ಮರಳಿಸಿದೆ. ಕಪಾಟಿನ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಸಹಿ ಹಾಕುವಾಗ ನೋಡಿದೆ, ಕೆಳಗಿನ ಸಾಲಿನಲ್ಲಿ ಈ ವರ್ಷ ಸೇರಿದ ವಿದ್ಯಾರ್ಥಿಯೊಬ್ಬನ ಹೆಸರು ಆಗಲೇ ಬರೆದಿತ್ತು.